ಕೆಟ್ಟವರಿಗೆ ಹೆಸರಿಟ್ಟ ಮೇಷ್ಟ್ರು : ಜೆ.ಆರ್.ಆರ್. ಟೋಲ್ಕಿನ್



ನಮ್ಮ ಗೋಡೆ ಪತ್ರಿಕೆಯಲ್ಲಿ ಪ್ರತಿ ಸಾರಿ ಒಬ್ಬ ಮಹನೀಯರ ಜೀವನ ಚರಿತ್ರೆ ಬರುತ್ತದೆ. ಗಾಂಧೀಜಿ, ವಿಶ್ವೇಶ್ವರಯ್ಯ, ಕುವೆಂಪು ಎಲ್ಲರೂ ಬಂದಾಯಿತು. ಈ ಸಾರಿ ನಾನು ಇಂಗ್ಲೆಂಡಿನ ಒಬ್ಬ ಮೇಷ್ಟ್ರ ಜೀವನ ಬರೆದಿದ್ದೇನೆ. ಇವರು ದೇಶ ಗೆದ್ದವರಲ್ಲ, ಯಂತ್ರ ಕಂಡುಹಿಡಿದವರೂ ಅಲ್ಲ. ಪದಗಳ ಬೇರು ಹುಡುಕುವುದು ಇವರ ಕೆಲಸ. ಜೊತೆಗೆ ಕತೆ ಬರೆದರು. ಆ ಕತೆಗಳಲ್ಲಿ ಬರುವ ರಾಕ್ಷಸರಿಗೆ, ಮಾಯಾವಿಗಳಿಗೆ, ಬೆಂಕಿ ಉಗುಳುವ ಡ್ರ್ಯಾಗನ್ನಿಗೆ ಎಲ್ಲಾ ಯೋಚಿಸಿ ಯೋಚಿಸಿ ಹೆಸರಿಟ್ಟರು.

ದಿ ಲಾರ್ಡ್ ಆಫ್ ದಿ ರಿಂಗ್ಸ್ ಅನ್ನೋ ಉಂಗುರದ ಸಿನಿಮಾ ನೋಡಿದವರಿಗೆ ಸೌರಾನ್ ಹೆಸರು ಗೊತ್ತಿರುತ್ತದೆ. ಅವನೇ ಅದರಲ್ಲಿ ಎಲ್ಲರಿಗಿಂತ ಕೆಟ್ಟವನು. ಸೌರಾನ್ ಅಂದರೆ ಏನು? ಆ ಹೆಸರು ಗ್ರೀಕ್ ಭಾಷೆಯದಾ, ಲ್ಯಾಟಿನ್ ಭಾಷೆಯದಾ? ಇದನ್ನು ತಿಳಿಯಬೇಕಾದರೆ ಮೊದಲು ಹೆಸರಿಟ್ಟವರ ಜೀವನ ತಿಳಿಯಬೇಕು.

ಜನನ ಮತ್ತು ಬಾಲ್ಯ

ಇವರ ಪೂರ್ತಿ ಹೆಸರು ಜಾನ್ ರೊನಾಲ್ಡ್ ರೂಯಲ್ ಟೋಲ್ಕಿನ್. 1892ನೇ ಇಸವಿ ಜನವರಿ 3ರಂದು ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಆರ್ಥರ್, ಅಲ್ಲಿ ಬ್ಯಾಂಕಿನ ಮ್ಯಾನೇಜರ್ ಆಗಿದ್ದರು. ತಾಯಿ ಮೇಬಲ್. ಇಬ್ಬರೂ ಇಂಗ್ಲೆಂಡಿನಿಂದ ಹೋದವರು. ಮನೆಯಲ್ಲಿ ಮಗನನ್ನು ರೊನಾಲ್ಡ್ ಅಂತ ಕರೆಯುತ್ತಿದ್ದರು. 1894ರಲ್ಲಿ ಹಿಲರಿ ಎಂಬ ತಮ್ಮ ಹುಟ್ಟಿದ.

ರೊನಾಲ್ಡ್ ಆಗಷ್ಟೇ ಹೆಜ್ಜೆ ಇಡಲು ಕಲಿಯುತ್ತಿದ್ದಾಗ ತೋಟದಲ್ಲಿ ಒಂದು ದೊಡ್ಡ ಜೇಡ ಕಚ್ಚಿಬಿಟ್ಟಿತು. ನೋಡಿಕೊಳ್ಳುತ್ತಿದ್ದ ದಾದಿ ಅವನನ್ನು ಎತ್ತಿಕೊಂಡು ವಿಷ ಹೀರಿ ಉಗುಳಿದಳಂತೆ. ಈ ಜೇಡವನ್ನು ನೆನಪಿಟ್ಟುಕೊಳ್ಳಿ. ಮುಂದೆ ಬರುತ್ತದೆ.

ಅಲ್ಲಿಯ ಬಿಸಿಲು ಮಗುವಿಗೆ ಒಗ್ಗಲಿಲ್ಲ. 1895ರಲ್ಲಿ ತಾಯಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಹಡಗಿನಲ್ಲಿ ಇಂಗ್ಲೆಂಡಿಗೆ ಬಂದರು. ತಂದೆ ಆಮೇಲೆ ಬರಬೇಕು ಅಂತಿದ್ದರು. ಆದರೆ ಅವರು ಜ್ವರ ಬಂದು 1896ರ ಫೆಬ್ರವರಿ 15ರಂದು ತೀರಿಕೊಂಡರು. ಆಗ ರೊನಾಲ್ಡ್‌ಗೆ ಬರೀ ನಾಲ್ಕು ವರ್ಷ.

ತಾಯಿ ಬರ್ಮಿಂಗ್‌ಹ್ಯಾಮ್ ಪಟ್ಟಣದ ಹತ್ತಿರ ಸೇರ್‌ಹೋಲ್ ಎಂಬ ಹಳ್ಳಿಯಲ್ಲಿ ಸಣ್ಣ ಮನೆ ಮಾಡಿದರು. ಅಲ್ಲಿ ಹೊಳೆ ನೀರಿನಿಂದ ತಿರುಗುವ ಗಿರಣಿ ಇತ್ತು. ಗಿರಣಿಯವರ ಮಗನ ಮೈಮೇಲೆಲ್ಲಾ ಬಿಳಿ ಪುಡಿ. ಅವನಿಗೆ ಅಣ್ಣ ತಮ್ಮ ಇಬ್ಬರೂ ಸೇರಿ ಬಿಳಿ ರಾಕ್ಷಸ ಅಂತ ಹೆಸರಿಟ್ಟರು. ಅಣಬೆ ಕಿತ್ತಿದ್ದಕ್ಕೆ ರೊನಾಲ್ಡ್‌ನನ್ನು ಅಟ್ಟಿಸಿಕೊಂಡು ಬಂದ ಒಬ್ಬ ರೈತನಿಗೆ ಕರಿ ರಾಕ್ಷಸ ಅಂತ ಹೆಸರಿಟ್ಟರು. ಪಾಪ, ಇಬ್ಬರೂ ತಮ್ಮ ಕೆಲಸ ತಾವು ಮಾಡಿಕೊಂಡಿದ್ದವರು. ಮುಂದೆ ಪ್ರಪಂಚದ ದೊಡ್ಡ ದೊಡ್ಡ ರಾಕ್ಷಸರಿಗೆ ಹೆಸರಿಟ್ಟವರು ಶುರು ಮಾಡಿದ್ದು ಹೀಗೆ, ನಮ್ಮ ಥರಾನೇ.

ತಾಯಿಯೇ ಮೊದಲ ಗುರು

ಶಾಲೆಗೆ ಸೇರುವ ಮೊದಲು ತಾಯಿಯೇ ಮನೆಯಲ್ಲಿ ಪಾಠ ಹೇಳಿದರು. ಓದು, ಬರಹ, ಗಿಡಮರಗಳ ಪರಿಚಯ, ಚಂದದ ಅಕ್ಷರ ಎಲ್ಲಾ ಕಲಿಸಿದರು. ಲ್ಯಾಟಿನ್ ಭಾಷೆಯ ಮೊದಲ ಪಾಠವನ್ನೂ ಅವರೇ ಹೇಳಿದರು. ಲ್ಯಾಟಿನ್ ಅಂದರೆ ಹಿಂದಿನ ಕಾಲದ ರೋಮ್ ರಾಜ್ಯದ ಭಾಷೆ. ಈಗ ಅದನ್ನು ಯಾರೂ ಮನೆಮಾತಾಗಿ ಆಡುವುದಿಲ್ಲ. ನಮಗೆ ಸಂಸ್ಕೃತ ಹೇಗೋ ಅವರಿಗೆ ಲ್ಯಾಟಿನ್ ಮತ್ತು ಗ್ರೀಕ್ ಹಾಗೆ. ರೊನಾಲ್ಡ್‌ಗೆ ಪದಗಳ ಅರ್ಥದಷ್ಟೇ ಅವುಗಳ ಸದ್ದು ಕೂಡ ಇಷ್ಟವಾಗುತ್ತಿತ್ತು.

ಆಮೇಲೆ ಅವರು ಪಟ್ಟಣದಲ್ಲಿ ರೈಲುಹಳಿ ಪಕ್ಕದ ಮನೆಗೆ ಬಂದರು. ವೇಲ್ಸ್ ಕಡೆಯಿಂದ ಕಲ್ಲಿದ್ದಲು ತುಂಬಿದ ಗಾಡಿಗಳು ಹೋಗುತ್ತಿದ್ದವು. ಆ ಡಬ್ಬಿಗಳ ಮೇಲೆ ವೇಲ್ಸ್ ಭಾಷೆಯ ಊರುಗಳ ಹೆಸರು ಬರೆದಿರುತ್ತಿತ್ತು. ಬೇರೆ ಹುಡುಗರು ಡಬ್ಬಿ ಎಣಿಸುತ್ತಾರೆ, ಈ ಹುಡುಗ ಹೆಸರು ಓದುತ್ತಾ ನಿಲ್ಲುತ್ತಿದ್ದ. ಒಂದು ಅಕ್ಷರ ಅರ್ಥ ಆಗದಿದ್ದರೂ ಆ ಹೆಸರುಗಳು ಅವನ ಮನಸ್ಸಿನಲ್ಲಿ ಕೂತುಬಿಟ್ಟವು.

1900ರಲ್ಲಿ ತಾಯಿ ಕ್ಯಾಥೊಲಿಕ್ ಪಂಗಡಕ್ಕೆ ಸೇರಿದರು. ಇದರಿಂದ ಸಿಟ್ಟಾದ ನೆಂಟರು ಹಣ ಕೊಡುವುದನ್ನು ನಿಲ್ಲಿಸಿದರು. ಬಡತನ ಬಂತು. ತಾಯಿಗೆ ಸಕ್ಕರೆ ಕಾಯಿಲೆ ಶುರುವಾಯಿತು. ಈಗ ಅದಕ್ಕೆ ಇನ್ಸುಲಿನ್ ಇಂಜೆಕ್ಷನ್ ಇದೆ. ಆದರೆ ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ. ತಾಯಿ 1904ರ ನವೆಂಬರ್ 14ರಂದೇ ತೀರಿಹೋದರು. ಅವರಿಗೆ 34 ವರ್ಷ. ರೊನಾಲ್ಡ್‌ಗೆ 12 ವರ್ಷ. ನಮಗಿಂತ ಒಂದು ವರ್ಷ ಚಿಕ್ಕವನು.

ಫ್ರಾನ್ಸಿಸ್ ಮಾರ್ಗನ್ ಎಂಬ ಪಾದ್ರಿಗಳು ಇಬ್ಬರು ಅನಾಥ ಮಕ್ಕಳಿಗೂ ಪೋಷಕರಾದರು. ಶಾಲೆ ಬಿಡಿಸಲಿಲ್ಲ. ತಾಯಿ ಬಿಟ್ಟುಹೋದ ಆಸ್ತಿ ಅಂದರೆ ಅವರು ಕಲಿಸಿದ ಭಾಷೆಗಳು. ಅದನ್ನು ಟೋಲ್ಕಿನ್ ಸಾಯುವವರೆಗೂ ಬಿಡಲಿಲ್ಲ.

ಆಟದ ಭಾಷೆ, ಪಾಠದ ಭಾಷೆ

ನಾವು ಪ್ರತಿ ಅಕ್ಷರಕ್ಕೂ ಕ ಸೇರಿಸಿ ಗುಟ್ಟಿನ ಭಾಷೆ ಮಾತಾಡುತ್ತೇವಲ್ಲ, ಹಾಗೇ ರೊನಾಲ್ಡ್‌ನ ತಾಯಿಯ ಸೋದರಿಯ ಮಕ್ಕಳಿಬ್ಬರು ಒಂದು ಭಾಷೆ ಮಾಡಿಕೊಂಡಿದ್ದರು. ಅದರಲ್ಲಿ ಹೆಚ್ಚಾಗಿ ಪ್ರಾಣಿ ಪಕ್ಷಿಗಳ ಹೆಸರುಗಳೇ ಪದಗಳು. ತಮಾಷೆ ಏನೆಂದರೆ, ನಲವತ್ತು ಅಂದರೆ ಕತ್ತೆ, ಕತ್ತೆ ಅಂದರೆ ನಲವತ್ತು! ರೊನಾಲ್ಡ್ ಅದನ್ನು ಕಲಿತು, ಆಮೇಲೆ ಅವರ ಜೊತೆ ಸೇರಿ ಇನ್ನೊಂದು ಹೊಸ ಭಾಷೆ ಮಾಡಿದ. ಬೇರೆ ಮಕ್ಕಳು ದೊಡ್ಡವರಾದ ಮೇಲೆ ಈ ಆಟ ಬಿಟ್ಟರು. ಈತ ಬಿಡಲಿಲ್ಲ. ವ್ಯಾಕರಣ, ಶಬ್ದಕೋಶ ಎಲ್ಲಾ ಸೇರಿಸಿ ಸ್ವಂತ ಭಾಷೆಗಳನ್ನೇ ಕಟ್ಟಿದ.

ಬರ್ಮಿಂಗ್‌ಹ್ಯಾಮ್‌ನ ಕಿಂಗ್ ಎಡ್ವರ್ಡ್ಸ್ ಶಾಲೆಯಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಮುಖ್ಯ ವಿಷಯಗಳು. ಅಲ್ಲಿ ಲ್ಯಾಟಿನ್ ಭಾಷೆಯಲ್ಲೇ ಚರ್ಚಾ ಸ್ಪರ್ಧೆ ನಡೆಯುತ್ತಿತ್ತು. ಒಂದು ಸಾರಿ ರೊನಾಲ್ಡ್ ಗ್ರೀಕ್ ರಾಯಭಾರಿಯ ಪಾತ್ರ ಹಾಕಿ ಪೂರ್ತಿ ಗ್ರೀಕಿನಲ್ಲೇ ಮಾತಾಡಿದ. ಇನ್ನೊಂದು ಸಾರಿ ಗಾಥಿಕ್ ಎಂಬ ಸತ್ತುಹೋದ ಭಾಷೆಯಲ್ಲಿ ಮಾತಾಡಿದ. ಆ ಗಾಥಿಕ್ ಕಲಿತದ್ದು ಒಂದು ಹಳೇ ಪುಸ್ತಕದಿಂದ. ಸ್ನೇಹಿತನೊಬ್ಬ ಕೊಂಡು, ತನಗೆ ಬೇಡ ಅಂತ ಇವನಿಗೆ ಮಾರಿದ್ದ.

1911ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಸೇರಿ ಲ್ಯಾಟಿನ್ ಗ್ರೀಕನ್ನೇ ತೆಗೆದುಕೊಂಡರು. ಆದರೆ 1913ರ ಪರೀಕ್ಷೆಯಲ್ಲಿ ಎರಡನೇ ದರ್ಜೆ ಬಂತು. ಒಂದೇ ಒಂದು ಪತ್ರಿಕೆಯಲ್ಲಿ ಮಾತ್ರ ಬಹಳ ಒಳ್ಳೆ ಅಂಕ ಬಂದಿತ್ತು. ಅದು ಭಾಷೆಗಳನ್ನು ಒಂದಕ್ಕೊಂದು ಹೋಲಿಸಿ ನೋಡುವ ವಿಷಯ. ಆದ್ದರಿಂದ ಹಳೇ ಇಂಗ್ಲಿಷ್ ವಿಭಾಗಕ್ಕೆ ಬದಲಾಯಿಸಿಕೊಂಡು 1915ರಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು.

ಆ ಹೋಲಿಕೆಯ ವಿಷಯ ಹೇಳಿಕೊಟ್ಟ ಗುರುಗಳು ಜೋಸೆಫ್ ರೈಟ್. ಇವರ ಬಗ್ಗೆ ನಾಲ್ಕು ಸಾಲು ಬರೆಯಲೇಬೇಕು. ಇವರು ಬಡವರ ಮನೆಯ ಮಗ. ಆರನೇ ವಯಸ್ಸಿಗೇ ಕೂಲಿಗೆ ಹೋದರು. ಆಮೇಲೆ ಬಟ್ಟೆ ಮಿಲ್ಲಿನಲ್ಲಿ ದುಡಿದರು. 15 ವರ್ಷ ಆಗುವವರೆಗೂ ಓದಲು ಬರೆಯಲು ಬರುತ್ತಿರಲಿಲ್ಲ. ತಾವೇ ಕಲಿತು, ರಾತ್ರಿ ಶಾಲೆಗೆ ಹೋಗಿ, ಕೊನೆಗೆ ಆಕ್ಸ್‌ಫರ್ಡಿನ ಪ್ರೊಫೆಸರ್ ಆದರು. ಹಳ್ಳಿ ಜನ ಆಡುವ ಇಂಗ್ಲಿಷ್ ಪದಗಳನ್ನೆಲ್ಲಾ ಕೂಡಿಸಿ ಆರು ಸಂಪುಟದ ನಿಘಂಟು ಮಾಡಿದರು. ರೊನಾಲ್ಡ್ ಕೊಂಡಿದ್ದ ಗಾಥಿಕ್ ಪುಸ್ತಕ ಬರೆದವರೂ ಇವರೇ!

ಪದಗಳಿಗೂ ಬೇರು ಇರುತ್ತೆ

ಈ ಹೋಲಿಕೆಯ ವಿದ್ಯೆಗೂ ನಮ್ಮ ದೇಶಕ್ಕೂ ಸಂಬಂಧ ಇದೆ. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಎಂಬ ನ್ಯಾಯಾಧೀಶರು ಒಂದು ಭಾಷಣ ಮಾಡಿದರು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತವೆ ಅಂತ ಅದರಲ್ಲಿ ಹೇಳಿದರು. ನೀವೇ ನೋಡಿ. ಸಂಸ್ಕೃತದಲ್ಲಿ ಪಿತೃ, ಲ್ಯಾಟಿನ್ನಿನಲ್ಲಿ ಪಾಟೆರ್, ಇಂಗ್ಲಿಷಿನಲ್ಲಿ ಫಾದರ್. ಸಂಸ್ಕೃತದಲ್ಲಿ ಸಪ್ತ, ಲ್ಯಾಟಿನ್ನಿನಲ್ಲಿ ಸೆಪ್ಟೆಮ್, ಇಂಗ್ಲಿಷಿನಲ್ಲಿ ಸೆವೆನ್.

ನಮ್ಮ ಕನ್ನಡ ಆ ಮನೆತನಕ್ಕೆ ಸೇರಿಲ್ಲ. ಕನ್ನಡದ್ದು ದ್ರಾವಿಡ ಮನೆತನ. ನಮ್ಮ ಏಳು ತಮಿಳಿನ ಏಳು ತೆಲುಗಿನ ಏಡು ಜೊತೆ ಹೊಂದುತ್ತದೆ. ಆದರೆ ನಾವು ಸಂಸ್ಕೃತದಿಂದ ತುಂಬ ಪದ ತಗೊಂಡಿದ್ದೇವಲ್ಲ, ಆ ದಾರಿಯಲ್ಲಿ ನಮಗೂ ಗ್ರೀಕ್ ಲ್ಯಾಟಿನ್ ನೆಂಟಸ್ತನ ಸಿಗುತ್ತದೆ.

ಇನ್ನೊಂದು ತಮಾಷೆ. ದುರ್ಯೋಧನ, ದುಶ್ಶಾಸನ ಹೆಸರುಗಳ ಮುಂದೆ ಇರುವ ದುರ್, ದುಸ್ ಅಂದರೆ ಕೆಟ್ಟದ್ದು, ಕಷ್ಟವಾದದ್ದು ಎಂದರ್ಥ. ಗ್ರೀಕಿನಲ್ಲಿ ಅದೇ ಡಿಸ್. ಹೊಟ್ಟೆ ಕೆಟ್ಟಾಗ ಡಾಕ್ಟರು ಡಿಸೆಂಟ್ರಿ ಅಂತಾರಲ್ಲ, ಅದರಲ್ಲಿ ಇರುವುದು ಈ ಡಿಸ್. ದುರ್ಯೋಧನ ಮತ್ತು ಡಿಸೆಂಟ್ರಿ ಒಂದೇ ಬೇರಿನವರು!

ಯುದ್ಧ

ಟೋಲ್ಕಿನ್ ಎಡಿತ್ ಎಂಬ ಹುಡುಗಿಯನ್ನು ಪ್ರೀತಿಸಿದ್ದರು. ಅವರೂ ಅನಾಥರೇ. 1916ರ ಮಾರ್ಚ್ 22ರಂದು ಮದುವೆ ಆಯಿತು. ಮೊದಲನೇ ಮಹಾಯುದ್ಧ ನಡೆಯುತ್ತಿತ್ತು. ಜೂನ್‌ನಲ್ಲಿ ಅವರನ್ನು ಸೈನ್ಯದವರು ಫ್ರಾನ್ಸಿಗೆ ಕಳಿಸಿದರು. ಸೋಮ್ ಎಂಬ ನದಿಯ ಬಳಿ ಘೋರ ಯುದ್ಧ. 1916 ಜುಲೈ 1, ಆ ಒಂದೇ ದಿನ ಬ್ರಿಟಿಷ್ ಸೈನ್ಯದ 19,000ಕ್ಕೂ ಹೆಚ್ಚು ಜನ ಸತ್ತರು.

ಶಾಲೆಯಲ್ಲಿ ಟೋಲ್ಕಿನ್‌ಗೆ ಮೂವರು ಜೀವದ ಗೆಳೆಯರಿದ್ದರು. ನಾಲ್ವರೂ ಕೂತು ಟೀ ಕುಡಿಯುತ್ತಾ ಪುಸ್ತಕದ ವಿಷಯ ಮಾತಾಡುತ್ತಿದ್ದರು. ರಾಬ್ ಗಿಲ್ಸನ್ ಆ ಜುಲೈ 1ರಂದೇ ಸತ್ತ. ಜೆಫ್ರಿ ಸ್ಮಿತ್ ಡಿಸೆಂಬರ್ 3ರಂದು ಸತ್ತ. ಟೋಲ್ಕಿನ್ ಬಿಟ್ಟರೆ ಉಳಿದದ್ದು ಕ್ರಿಸ್ಟೋಫರ್ ವೈಸ್‌ಮನ್ ಒಬ್ಬನೇ. ಟೋಲ್ಕಿನ್‌ಗೆ ಹೇನಿನಿಂದ ಹರಡುವ ಕಂದಕ ಜ್ವರ ಬಂದು ನವೆಂಬರಿನಲ್ಲಿ ಅವರನ್ನು ಇಂಗ್ಲೆಂಡಿಗೆ ವಾಪಸ್ ಕಳಿಸಿದರು. ಆ ಕಾಯಿಲೆ ಅವರನ್ನು ಯುದ್ಧದಿಂದ ದೂರ ಇಟ್ಟಿತು. ಹಾಸಿಗೆ ಮೇಲೆ ಇದ್ದಾಗಲೇ ತಮ್ಮ ದೊಡ್ಡ ಕತೆ ಬರೆಯಲು ಶುರು ಮಾಡಿದರು. ಆಮೇಲೆ ಒಬ್ಬ ಮಗನಿಗೆ ಉಳಿದ ಆ ಗೆಳೆಯನ ನೆನಪಿಗೆ ಕ್ರಿಸ್ಟೋಫರ್ ಎಂದೇ ಹೆಸರಿಟ್ಟರು.

ಮೇಷ್ಟ್ರಾದದ್ದು, ಕತೆ ಬರೆದದ್ದು

ಯುದ್ಧ ಮುಗಿದ ಮೇಲೆ 1919ರಲ್ಲಿ ಆಕ್ಸ್‌ಫರ್ಡ್ ನಿಘಂಟಿನ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಡಬ್ಲ್ಯೂ ಅಕ್ಷರದ ಪದಗಳಿಗೆ ಮೂಲ ಹುಡುಕಬೇಕು. ವಾಲ್‌ರಸ್ ಎಂಬ ಒಂದೇ ಪದದ ಮೂಲ ಹುಡುಕಲು ಎಷ್ಟೋ ಸಲ ಬರೆದು ಬರೆದು ತಿದ್ದಿದರು. 1920ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. 1925ರಲ್ಲಿ ಆಕ್ಸ್‌ಫರ್ಡಿನ ಪ್ರೊಫೆಸರ್ ಆದರು. 1959ರಲ್ಲಿ ನಿವೃತ್ತರಾಗುವ ತನಕ ಪಾಠ ಹೇಳಿದರು.

ನಾಲ್ಕು ಮಕ್ಕಳ ಸಂಸಾರ. ಸಂಬಳ ಸಾಲದೆ ರಜೆಯಲ್ಲಿ ಪರೀಕ್ಷೆ ಪೇಪರ್ ತಿದ್ದುತ್ತಿದ್ದರು. ಒಂದು ದಿನ ಯಾರೋ ಹುಡುಗ ಉತ್ತರ ಪತ್ರಿಕೆಯಲ್ಲಿ ಒಂದು ಪುಟ ಖಾಲಿ ಬಿಟ್ಟಿದ್ದ. ಬೇಜಾರಾಗಿ ಕೂತಿದ್ದ ಟೋಲ್ಕಿನ್ ಆ ಪುಟದಲ್ಲಿ ಹಾಬಿಟ್ ಎಂಬ ಪದ ಇರುವ ಒಂದು ವಾಕ್ಯ ಬರೆದರು. ಹಾಬಿಟ್ ಅಂದರೆ ಏನಂತ ಅವರಿಗೇ ಗೊತ್ತಿರಲಿಲ್ಲ! ಗೊತ್ತು ಮಾಡಿಕೊಳ್ಳಲು ಕತೆ ಬರೆಯುತ್ತಾ ಹೋದರು. ಅವರಿಗೆ ಯಾವಾಗಲೂ ಮೊದಲು ಹೆಸರು, ಆಮೇಲೆ ಕತೆ.

ಪ್ರಕಾಶಕರು ಆ ಕತೆಯನ್ನು ತಮ್ಮ 10 ವರ್ಷದ ಮಗ ರೇನರ್ ಕೈಗೆ ಕೊಟ್ಟು ಓದಿಸಿದರು. ಓದಿ ಅಭಿಪ್ರಾಯ ಬರೆದರೆ ಒಂದು ಶಿಲಿಂಗ್ ಕೂಲಿ. ಚೆನ್ನಾಗಿದೆ ಅಂತ ಬರೆದುಕೊಟ್ಟ. 1937ರ ಸೆಪ್ಟೆಂಬರ್ 21ರಂದು ದಿ ಹಾಬಿಟ್ ಪುಸ್ತಕ ಹೊರಬಂತು. ಮೊದಲು ಅಚ್ಚಾದ 1,500 ಪ್ರತಿಗಳು ಡಿಸೆಂಬರ್ ಹೊತ್ತಿಗೆ ಖಾಲಿ.

ಮುಂದಿನ ಕತೆ ಬರೆಯಿರಿ ಅಂತ ಪ್ರಕಾಶಕರು ಕೇಳಿದರು. ಅದೇ ದಿ ಲಾರ್ಡ್ ಆಫ್ ದಿ ರಿಂಗ್ಸ್. ಬರೆಯಲು 12 ವರ್ಷ ಹಿಡಿಯಿತು. ಎರಡನೇ ಮಹಾಯುದ್ಧದಲ್ಲಿ ಕಾಗದ ಸಿಗದೆ ಪರೀಕ್ಷೆ ಪೇಪರುಗಳ ಹಿಂಬದಿಯಲ್ಲಿ ಬರೆದರು. ಟೈಪಿಸ್ಟ್‌ಗೆ ಕೊಡಲು ದುಡ್ಡಿಲ್ಲದೆ ತಾವೇ ಟೈಪ್ ಮಾಡಿದರು. 1954 ಮತ್ತು 1955ರಲ್ಲಿ ಮೂರು ಭಾಗವಾಗಿ ಪ್ರಕಟವಾಯಿತು. ಅಷ್ಟು ದೊಡ್ಡ ಪುಸ್ತಕದಿಂದ ನಷ್ಟ ಆಗಬಹುದು ಅಂತ ಗೊತ್ತಿದ್ದೂ ಅಚ್ಚು ಹಾಕೋಣ ಎಂದವರು ಯಾರು ಗೊತ್ತೇ? ಅದೇ ರೇನರ್, ಆಗ ದೊಡ್ಡವರಾಗಿದ್ದರು.

ಕೆಟ್ಟವರ ಹೆಸರುಗಳು

ಈಗ ಮುಖ್ಯ ವಿಷಯಕ್ಕೆ ಬಂದೆ. ಒಂದೊಂದಾಗಿ ಬರೆಯುತ್ತೇನೆ.

ಓರ್ಕ್ : ಕತೆಯಲ್ಲಿ ಕೆಟ್ಟವರ ಸೈನ್ಯ. ಲ್ಯಾಟಿನ್ನಿನಲ್ಲಿ ಓರ್ಕಸ್ ಎಂದರೆ ಪಾತಾಳದ ದೇವರು, ಯಮನ ಹಾಗೆ. ಹಳೇ ಇಂಗ್ಲಿಷಿನಲ್ಲೂ ಓರ್ಕ್ ಎಂಬ ಪದ ಭೂತ ಪಿಶಾಚಿ ಎಂಬ ಅರ್ಥದಲ್ಲಿ ಇತ್ತು. ಟೋಲ್ಕಿನ್ ತೆಗೆದುಕೊಂಡದ್ದು ಆ ಹಳೇ ಇಂಗ್ಲಿಷ್ ಪದವನ್ನು.

ಸ್ಮೌಗ್ : ಚಿನ್ನದ ರಾಶಿ ಮೇಲೆ ಮಲಗಿದ ಡ್ರ್ಯಾಗನ್. ಹಳೇ ಜರ್ಮನ್ ಕುಲದ ಭಾಷೆಯಲ್ಲಿ ತೂತಿನೊಳಗೆ ನುಸುಳು ಎಂಬ ಕ್ರಿಯಾಪದದಿಂದ ಬಂದದ್ದು.

ಶೀಲಾಬ್ : ಗುಹೆಯಲ್ಲಿರುವ ದೈತ್ಯ ಹೆಣ್ಣು ಜೇಡ. ಶೀ ಅಂದರೆ ಅವಳು. ಲಾಬ್ ಅಂದರೆ ಹಳೇ ಇಂಗ್ಲಿಷಿನಲ್ಲಿ ಜೇಡ. ಬಾಲ್ಯದಲ್ಲಿ ಕಚ್ಚಿದ ಜೇಡದ ಸೇಡು ತೀರಿಸಿಕೊಂಡರಾ ಅಂತ ನಾನು ಅಂದುಕೊಂಡೆ. ಆದರೆ ಹಾಗಲ್ಲವಂತೆ. ಅವರಿಗೆ ಜೇಡದ ಮೇಲೆ ದ್ವೇಷ ಇರಲಿಲ್ಲ. ಬಚ್ಚಲ ತೊಟ್ಟಿಯಲ್ಲಿ ಬಿದ್ದ ಜೇಡವನ್ನು ಎತ್ತಿ ಬಿಡುತ್ತಿದ್ದರು. ದಿ ಹಾಬಿಟ್ ಕತೆಯಲ್ಲಿ ಜೇಡಗಳನ್ನು ತಂದದ್ದಕ್ಕೆ ಕಾರಣ, ಅವರ ಒಬ್ಬ ಮಗನಿಗೆ ಜೇಡ ಅಂದರೆ ಭಯ!

ಸಾರುಮಾನ್ : ಬುದ್ಧಿವಂತ ಮಾಂತ್ರಿಕ. ಮೊದಲು ಒಳ್ಳೆಯವರ ಗುಂಪಿನ ಮುಖ್ಯಸ್ಥ, ಆಮೇಲೆ ದ್ರೋಹಿ. ಹಳೇ ಇಂಗ್ಲಿಷಿನ ಸಾರು ಎಂಬ ಪದಕ್ಕೆ ಜಾಣತನ, ಕೌಶಲ ಅಂತ ಅರ್ಥ. ಮೋಸ ಅಂತಲೂ ಅರ್ಥ. ಒಂದೇ ಪದದಲ್ಲಿ ಎರಡೂ ಇದೆ. ಆ ಮನುಷ್ಯನ ಕತೆ ಪೂರ್ತಿ ಅವನ ಹೆಸರಿನಲ್ಲೇ ಇದೆ.

ಮೊರ್ಡೋರ್ : ಸೌರಾನ್‌ನ ರಾಜ್ಯ. ಟೋಲ್ಕಿನ್ ಕಟ್ಟಿದ ಭಾಷೆಯಲ್ಲಿ ಕಪ್ಪು ನಾಡು ಎಂದು ಅರ್ಥ. ಆದರೆ ಹಳೇ ಇಂಗ್ಲಿಷಿನಲ್ಲಿ ಮೊರ್ಥೋರ್ ಎಂದರೆ ಕೊಲೆ. ಈಗಿನ ಮರ್ಡರ್ ಅದೇ. ಆ ಪದದ ಬೇರು ಮತ್ತು ಸಾವು ಎಂಬ ಅರ್ಥದ ಲ್ಯಾಟಿನ್ ಮೋರ್ಸ್ ಪದದ ಬೇರು ಒಂದೇ. ನಮ್ಮ ಮೃತ್ಯು, ಮರಣ ಪದಗಳ ಬೇರೂ ಅದೇ. ಇದನ್ನು ತಿಳಿದಾಗ ನನಗೆ ಮೈ ಜುಂ ಅಂದಿತು. ಎಲ್ಲಿಯ ಇಂಗ್ಲೆಂಡ್, ಎಲ್ಲಿಯ ರೋಮ್, ಎಲ್ಲಿಯ ನಾವು! ಸಾವಿಗೆ ಮಾತ್ರ ಒಂದೇ ಬೇರಿನ ಪದ.

ಸೌರಾನ್ : ಗ್ರೀಕಿನಲ್ಲಿ ಸೌರಾ, ಸೌರೋಸ್ ಎಂದರೆ ಹಲ್ಲಿ, ಓತಿಕ್ಯಾತ. ಡೈನೋಸಾರ್ ಎಂಬ ಪದದ ಸಾರ್ ಅದೇ. 1842ರಲ್ಲಿ ರಿಚರ್ಡ್ ಓವನ್ ಎಂಬ ವಿಜ್ಞಾನಿ ಭಯಂಕರ ಎಂಬ ಗ್ರೀಕ್ ಪದಕ್ಕೆ ಹಲ್ಲಿ ಸೇರಿಸಿ ಡೈನೋಸಾರ್ ಹೆಸರು ಮಾಡಿದರು. ಹಾಗಾದರೆ ಸೌರಾನ್ ಅಂದರೆ ಹಲ್ಲಿರಾಯ ಅಂತ ನಾವು ಹೇಳಿಬಿಡುತ್ತೇವೆ. ಎಷ್ಟೋ ಓದುಗರು ಹಾಗೇ ಅಂದುಕೊಂಡಿದ್ದರು. ಆದರೆ ಟೋಲ್ಕಿನ್ 1967ರಲ್ಲಿ ಒಂದು ಕಾಗದದ ಕರಡಿನಲ್ಲಿ ಇದನ್ನು ಅಲ್ಲಗಳೆದರು. ಅದು ಗ್ರೀಕ್ ಅಲ್ಲ, ಅವರದೇ ಭಾಷೆಯ ಪದ. ಅಸಹ್ಯ ಪಡುವಂಥವನು ಎಂದು ಅರ್ಥ. ಸದ್ದು ಒಂದೇ ಇದ್ದ ಮಾತ್ರಕ್ಕೆ ಬೇರು ಒಂದೇ ಆಗುವುದಿಲ್ಲ. ಗ್ರೀಕ್ ಚೆನ್ನಾಗಿ ಬಲ್ಲವರೇ ಹೀಗೆ ಹೇಳಿದ್ದರಿಂದ ಇದು ನಮಗೆ ಒಳ್ಳೆ ಪಾಠ.

ಹುಟ್ಟಿದಾಗ ಯಾರೂ ಕೆಟ್ಟ ಹೆಸರಿನವರಲ್ಲ

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಟೋಲ್ಕಿನ್ ತಮ್ಮ ಕೊನೆಗಾಲದ ಟಿಪ್ಪಣಿಗಳಲ್ಲಿ ಸೌರಾನ್‌ನ ಮೊದಲ ಹೆಸರು ಮೈರಾನ್ ಅಂತ ಬರೆದಿದ್ದಾರೆ. ಮೈರಾನ್ ಅಂದರೆ ಮೆಚ್ಚತಕ್ಕವನು. ಕೆಟ್ಟ ಕೆಲಸ ಮಾಡಿದ ಮೇಲೆ ಬೇರೆಯವರು ಅವನನ್ನು ಸೌರಾನ್ ಅಂತ ಕರೆದರು. ಅವನ ಗುರು ಮೊರ್ಗೋತ್, ಅಂದರೆ ಕರಾಳ ವೈರಿ. ಅವನಿಗೂ ಮೊದಲು ಮೆಲ್ಕೋರ್ ಎಂಬ ಹೆಸರಿತ್ತು. ಶಕ್ತಿಯಿಂದ ಎದ್ದು ಬರುವವನು ಎಂದು ಅದರ ಅರ್ಥ. ಉಂಗುರದ ಆಸೆಗೆ ಗೆಳೆಯನನ್ನೇ ಕೊಂದ ಗಾಲಮ್‌ನ ಮೊದಲ ಹೆಸರು ಸ್ಮಿಯಾಗಲ್. ಗಂಟಲಲ್ಲಿ ಗೊಳಕ್ ಗೊಳಕ್ ಅಂತ ಸದ್ದು ಮಾಡುತ್ತಿದ್ದುದರಿಂದ ಮನೆಯವರೇ ಗಾಲಮ್ ಅಂತ ಕರೆದು ಓಡಿಸಿದರು.

ಕಪ್ಪು ಅಂದರೆ ಕೆಟ್ಟದ್ದಾ ಅಂತ ನನಗೆ ಒಂದು ಅನುಮಾನ ಇತ್ತು. ಮೊರ್ಡೋರ್, ಮೊರ್ಗೋತ್ ಎರಡರಲ್ಲೂ ಇರುವ ಮೋರ್ ಅಂದರೆ ಕಪ್ಪು. ನಮ್ಮಲ್ಲಿ ಕೃಷ್ಣ ಅಂದರೂ ಕಪ್ಪೇ, ಅವನನ್ನು ಪೂಜೆ ಮಾಡುತ್ತೇವೆ. ಆಮೇಲೆ ಯೋಚಿಸಿದೆ. ದ್ರೋಹ ಮಾಡಿದ ಸಾರುಮಾನ್‌ಗೆ ಕತೆಯಲ್ಲಿ ಇದ್ದ ಬಿರುದು ಬಿಳಿಯ ಸಾರುಮಾನ್ ಅಂತ. ಆದ್ದರಿಂದ ಬಣ್ಣ ನೋಡಿ ಏನೂ ಹೇಳಲು ಆಗುವುದಿಲ್ಲ.

ನಿಜ ಜೀವನದಲ್ಲೂ ಟೋಲ್ಕಿನ್ ಈ ಮಾತಿಗೆ ನಿಂತರು. 1938ರಲ್ಲಿ ಜರ್ಮನಿಯ ಒಂದು ಪ್ರಕಾಶನದವರು ದಿ ಹಾಬಿಟ್ ಪುಸ್ತಕವನ್ನು ಜರ್ಮನ್ ಭಾಷೆಗೆ ತರಲು ಮುಂದೆ ಬಂದರು. ಆಗ ಅಲ್ಲಿ ಹಿಟ್ಲರನ ಆಡಳಿತ. ನೀವು ಆರ್ಯ ಕುಲದವರೇ ಅಂತ ಅವರು ಟೋಲ್ಕಿನ್‌ರನ್ನು ಕೇಳಿದರು. ಯಹೂದಿ ಆಗಿದ್ದರೆ ಪುಸ್ತಕ ಬೇಡ ಅಂತ ಅದರ ಅರ್ಥ. ಟೋಲ್ಕಿನ್‌ಗೆ ಬಹಳ ಸಿಟ್ಟು ಬಂತು. ಅವರು ಉತ್ತರದ ಕರಡು ಬರೆದರು. ಆರ್ಯ ಎಂಬ ಪದ ಭಾರತ ಮತ್ತು ಇರಾನ್ ಕಡೆಯ ಭಾಷೆಗಳಿಗೆ ಸೇರಿದ್ದು, ತಮ್ಮ ಹಿರಿಯರಲ್ಲಿ ಯಾರೂ ಆ ಭಾಷೆ ಆಡಿದವರಲ್ಲ ಅಂತ ಮೊದಲು ಪದದ ತಪ್ಪು ತಿದ್ದಿದರು. ಆಮೇಲೆ, ಯಹೂದಿ ಪೂರ್ವಜರು ತಮಗೆ ಇಲ್ಲವಲ್ಲ ಎಂಬುದೇ ತಮಗೆ ಬೇಸರ ಎಂಬ ಅರ್ಥದಲ್ಲಿ ಬರೆದರು. ಆಗ ಆ ಪುಸ್ತಕ ಜರ್ಮನಿಯಲ್ಲಿ ಬರಲೇ ಇಲ್ಲ. ಬಂದದ್ದು 1957ರಲ್ಲಿ. ಕತೆಯಲ್ಲಿ ಕೆಟ್ಟವರಿಗೆ ಹೆಸರಿಟ್ಟವರು, ನಿಜವಾದ ಕೆಟ್ಟವರು ಒಂದು ಒಳ್ಳೆ ಪದವನ್ನು ಕೆಡಿಸುವುದನ್ನು ಸುಮ್ಮನೆ ನೋಡಲಿಲ್ಲ.

ಅವರ ನಂತರ

ಆಮೇಲಿನ ಕತೆಗಳಲ್ಲೂ ಇಂಥ ಹೆಸರುಗಳು ಬಂದವು. 1959ರ ಸ್ಲೀಪಿಂಗ್ ಬ್ಯೂಟಿ ಸಿನಿಮಾದ ಮಾಯಾವಿ ಮ್ಯಾಲಿಫಿಸೆಂಟ್, ಕೆಟ್ಟದ್ದು ಮಾಡುವವಳು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು. 1997ರಿಂದ ಬಂದ ಹ್ಯಾರಿ ಪಾಟರ್ ಕತೆಗಳ ವೋಲ್ಡೆಮಾರ್ಟ್ ಹೆಸರಿನ ಕೊನೆಯಲ್ಲಿ ಅದೇ ಮೃತ್ಯುವಿನ ನೆಂಟ ಮಾರ್ಟ್ ಇದ್ದಾನೆ. ಅದೇ ಕತೆಯ ಡ್ರೇಕೋ ಎಂದರೆ ಲ್ಯಾಟಿನ್ನಿನಲ್ಲಿ ಡ್ರ್ಯಾಗನ್. ಬೆಲ್ಲಾಟ್ರಿಕ್ಸ್ ಅಂದರೆ ಯುದ್ಧ ಮಾಡುವ ಹೆಂಗಸು.

ಮರಣ

ಪತ್ನಿ ಎಡಿತ್ 1971ರ ನವೆಂಬರ್ 29ರಂದು ತೀರಿಕೊಂಡರು. ಟೋಲ್ಕಿನ್ 1973ರ ಸೆಪ್ಟೆಂಬರ್ 2ರಂದು ತಮ್ಮ 81ನೇ ವಯಸ್ಸಿನಲ್ಲಿ ನಿಧನರಾದರು. ಆಕ್ಸ್‌ಫರ್ಡಿನ ಊರಾಚೆ ವುಲ್ವರ್‌ಕೋಟ್ ಎಂಬಲ್ಲಿ ಇಬ್ಬರಿಗೂ ಒಂದೇ ಸಮಾಧಿ. ಕಲ್ಲಿನ ಮೇಲೆ ಎಡಿತ್ ಹೆಸರಿನ ಕೆಳಗೆ ಲೂಥಿಯೆನ್, ಇವರ ಹೆಸರಿನ ಕೆಳಗೆ ಬೆರೆನ್ ಅಂತ ಕೆತ್ತಿದೆ. ಅವರ ಕತೆಯಲ್ಲಿ ಬರುವ ಪ್ರೇಮಿಗಳ ಹೆಸರು ಅವು. ಸೌರಾನ್ ಮೊರ್ಗೋತ್ ಅಂತೆಲ್ಲಾ ಹೆಸರು ಹುಡುಕಿದವರು ಕೊನೆಗೆ ಕಲ್ಲಿನ ಮೇಲೆ ಉಳಿಸಿದ್ದು ಪ್ರೀತಿಯ ಹೆಸರು. ಮುಗಿಯದೆ ಉಳಿದಿದ್ದ ಹಳೇ ಕತೆಗಳನ್ನು ಮಗ ಕ್ರಿಸ್ಟೋಫರ್ ಜೋಡಿಸಿ 1977ರಲ್ಲಿ ದಿ ಸಿಲ್ಮರಿಲಿಯನ್ ಎಂಬ ಪುಸ್ತಕ ತಂದರು.

ನಾವು ಕಲಿಯಬೇಕಾದದ್ದು

ಟೋಲ್ಕಿನ್ ಅವರ ಜೀವನದಿಂದ ಕಲಿಯುವುದು ತುಂಬ ಇದೆ. ತಂದೆ ತಾಯಿ ಇಲ್ಲದಿದ್ದರೂ ವಿದ್ಯೆ ಬಿಡಬಾರದು. ಎರಡನೇ ದರ್ಜೆ ಬಂದರೂ ಎದೆಗುಂದಬಾರದು. ಪದ ಕಂಡರೆ ಅದರ ಬೇರು ಹುಡುಕಬೇಕು, ಆದರೆ ಸದ್ದು ನೋಡಿ ಮೋಸ ಹೋಗಬಾರದು.

ಇನ್ನೊಂದು ಇದೆ. ಅದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಹೋದ ವರ್ಷ ನಾನು ಒಬ್ಬರಿಗೆ ಒಂದು ಅಡ್ಡಹೆಸರು ಇಟ್ಟಿದ್ದೆ. ಯಾರಿಗೆ, ಏನು ಹೆಸರು ಅಂತ ಇಲ್ಲಿ ಬರೆಯುವುದಿಲ್ಲ. ಆ ದಿನ ಎಲ್ಲರೂ ನಕ್ಕರು, ನನಗೂ ಖುಷಿ ಆಯಿತು. ಈಗ ಚಿಕ್ಕ ಕ್ಲಾಸಿನವರೂ ಹಾಗೇ ಕರೆಯುತ್ತಾರೆ. ಅವರ ನಿಜವಾದ ಹೆಸರು ಎಷ್ಟೋ ಜನಕ್ಕೆ ಮರೆತೇ ಹೋಗಿದೆ. ಸೌರಾನ್ ತಾನು ಮಾಡಿದ ಕೆಲಸದಿಂದ ಕೆಟ್ಟ ಹೆಸರು ತಗೊಂಡ. ಇವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಕೊಟ್ಟವರು ನಾನು.

ಅದಕ್ಕೇ ಆ ಹೆಸರನ್ನು ನಾನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಇದನ್ನು ಓದಿದವರು ದಯವಿಟ್ಟು ನಾಳೆಯಿಂದ ಅವರನ್ನು ಅವರ ಹೆಸರಿನಿಂದಲೇ ಕರೆಯಿರಿ. ಅವರ ಹೆಸರಿಗೆ ಒಳ್ಳೆ ಅರ್ಥ ಇದೆ. ನಿಘಂಟಿನಲ್ಲಿ ನೋಡಿದ್ದೇನೆ.

ಇಲ್ಲಿಗೆ ನನ್ನ ಲೇಖನ ಮುಗಿಸುತ್ತೇನೆ. ಅಕ್ಷರ ತಪ್ಪಿದ್ದರೆ ಕ್ಷಮಿಸಿ.

— 7ನೇ ತರಗತಿ